ಕಾಗೆಗೊಂದು ಸಿಂಹಾಸನ

ಅವನಿಗೆ ಕಿಡಿ ಎಂದು ಹೆಸರು ಬಿದ್ದದ್ದು ಸಿಟ್ಟಿನಿಂದಲ್ಲ, ಅಂಗಿಯಿಂದ. ಸೋದರಮಾವನ ವೆಲ್ಡಿಂಗ್ ಅಂಗಡಿಗೆ ಸೇರಿದ ಹೊಸತರಲ್ಲೇ ಹಾರಿದ ಕಿಡಿಗಳು ಅವನ ಅಂಗಿಗಳನ್ನೆಲ್ಲ ಒಂದೊಂದಾಗಿ ಜರಡಿ ಮಾಡಿಬಿಟ್ಟಿದ್ದವು. "ಒಳ್ಳೇದೇ ಆಯ್ತು ಬಿಡು, ಗಾಳಿಯಾಡುತ್ತೆ" ಎಂದು ಅಮ್ಮ ಅಂದಿದ್ದಳು. ಹೆಸರು ಕೇಳಿದವರು ಇವನು ಮುಟ್ಟಿದರೆ ಸಿಡಿಯುವ ಆಸಾಮಿ ಎಂದುಕೊಂಡು ಒಂದು ಹೆಜ್ಜೆ ಹಿಂದೆ ನಿಲ್ಲುತ್ತಿದ್ದರು. ಅಂಥದ್ದೇನೂ ಇರಲಿಲ್ಲ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ತಾನೇ "ಸಾರಿ" ಅನ್ನುವ ಪೈಕಿ ಅವನು. ಇಪ್ಪತ್ತಾರು ವರ್ಷವಾದರೂ ಸಿಟ್ಟು ಎನ್ನುವುದು ತನಗೆ ಕೊಟ್ಟಿಲ್ಲವೆಂದೇ ತಿಳಿದಿದ್ದ. ಎಲ್ಲರಿಗೂ ಎಲ್ಲವನ್ನೂ ಕೊಡುವುದಕ್ಕಾಗುತ್ತದೆಯೇ ಎಂದು ಸಮಾಧಾನವನ್ನೂ ಮಾಡಿಕೊಂಡಿದ್ದ.

ಅಂಗಡಿ ಬಸ್ ಡಿಪೋದ ಹಿಂದಿನ ರಸ್ತೆಯಲ್ಲಿ, ಪಂಕ್ಚರ್ ಅಂಗಡಿಗೂ ಹಳೇ ಪೇಪರ್ ಅಂಗಡಿಗೂ ನಡುವೆ ಸಿಕ್ಕಿಹಾಕಿಕೊಂಡಿತ್ತು. ಒಳಗೆ ಕಾಲಿಟ್ಟವರಿಗೆ ಮೊದಲು ಸಿಗುವುದು ಕಬ್ಬಿಣದ ಚೂರು, ಆಮೇಲೆ ಮಾವನ ಉಪದೇಶ. ಮಾವನ ಉಪದೇಶಗಳಲ್ಲೆಲ್ಲ ದೊಡ್ಡದು ಟೊಪ್ಪಿಯದು. ಬೋರ್ಡು ಎಂದಮೇಲೆ ಅದರ ನೆತ್ತಿಗೆ ಅಡ್ಡಲಾಗಿ ಅಂಗೈಯಗಲದ ಒಂದು ಕಬ್ಬಿಣದ ಪಟ್ಟಿ ಬೆಸೆಯಲೇಬೇಕು. ಅದೇ ಟೊಪ್ಪಿ.

"ಮಳೆ ನೀರು ಅಕ್ಷರದ ಮೇಲೆ ಇಳೀಬಾರದು ಕಣೋ. ಟೊಪ್ಪಿ ಇಲ್ಲದ ಬೋರ್ಡು ಬೋರ್ಡೇ ಅಲ್ಲ, ತಗಡು" ಎಂದು ಮಾವ ಗಿರಾಕಿ ಇದ್ದಾಗಲೂ ಹೇಳುವನು, ಇಲ್ಲದಾಗಲೂ ಹೇಳುವನು. ಊರಿನ ಬೇರೆ ಯಾವ ಅಂಗಡಿಯವನೂ ಟೊಪ್ಪಿ ಇಡುತ್ತಿರಲಿಲ್ಲ. ಕಿಡಿ ದಾರಿಯಲ್ಲಿ ಹೋಗುವಾಗ ಟೊಪ್ಪಿಯಿರುವ ಬೋರ್ಡು ಕಂಡರೆ, ಅದು ಹಲ್ಲಿನ ಆಸ್ಪತ್ರೆಯದೇ ಆಗಿರಲಿ, ತಮ್ಮ ಮನೆಯ ಮಗುವನ್ನು ಕಂಡಂತೆ ಒಂದು ಕ್ಷಣ ನಿಲ್ಲುತ್ತಿದ್ದ.

ಹೀಗಿರುವಾಗ ಪುರಸಭೆಯ ಎಂಜಿನಿಯರ್ ಸಾಹೇಬರು ಬಂದು ಒಂದು ಬೋರ್ಡು ಬೇಕು ಎಂದರು. ಅಂಗಡಿಯ ಮುಂದಿನ ರಸ್ತೆ ದಾಟಿದರೆ, ಮರಗಿಡವಿಲ್ಲದ ದೊಡ್ಡ ಹುಲ್ಲು ಬಯಲು ಒಂದಿತ್ತು. ಅದನ್ನು ಲಾರಿ ನಿಲ್ದಾಣ ಮಾಡಬೇಕೆಂದು ಕೆಲವರು, ಮಾಡಬಾರದೆಂದು ಒಬ್ಬರು, ವರ್ಷಗಟ್ಟಲೆ ಜಗಳವಾಡಿದ್ದರು. ಆ ಒಬ್ಬರು ಔಷಧಿ ಅಂಗಡಿಯ ಮೇಡಂ. ಕೈ ಸುಟ್ಟುಕೊಂಡಾಗ ಮುಲಾಮಿಗೆ, ವೆಲ್ಡಿಂಗ್ ಬೆಳಕಿಗೆ ಕಣ್ಣು ಕೆಂಪಾದಾಗ ಹನಿಗೆ ಕಿಡಿ ಹೋಗುತ್ತಿದ್ದುದು ಅವರ ಅಂಗಡಿಗೇ. ಅಂಗಡಿ ತೆರೆಯುವ ಮುಂಚೆ ಅವರು ಕೊರಳಿಗೆ ದುರ್ಬೀನು ನೇತುಹಾಕಿಕೊಂಡು ಬಯಲಿನ ಅಂಚಿನಲ್ಲಿ ನಿಂತಿರುತ್ತಾರೆಂದು ಊರೆಲ್ಲ ನಗುತ್ತಿತ್ತು. ಅಲ್ಲಿ ನೆಲಗುಬ್ಬಿ ಎಂಬ, ಮುಷ್ಟಿಯಲ್ಲಿ ಮುಚ್ಚಿಡಬಹುದಾದಷ್ಟು ಸಣ್ಣ ಹಕ್ಕಿ ಇದೆ, ಅದು ಹುಲ್ಲಿನ ಬುಡದಲ್ಲಿ ನೆಲದ ಮೇಲೇ ಗೂಡು ಮಾಡುತ್ತದೆ, ಇಂಥ ಬಯಲು ಬಿಟ್ಟರೆ ಅದಕ್ಕೆ ಬೇರೆ ಗತಿಯಿಲ್ಲ ಎಂದು ಅವರು ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಮಾತ್ರೆ ಕೊಡುವಾಗಲೂ ಬಿಡುತ್ತಿರಲಿಲ್ಲ. ಕೊನೆಗೆ ಪುರಸಭೆ ಸೋತು, ಬಯಲನ್ನು ಹಕ್ಕಿಗೆ ಬಿಟ್ಟುಕೊಟ್ಟಿತು. ಸೋತದ್ದು ಯಾರಿಗೂ ಗೊತ್ತಾಗಬಾರದೆಂದು, ನೆಲಗುಬ್ಬಿಯ ಸಂರಕ್ಷಣೆಗೆ ಎಂದು ಬರೆಸಿ ಬೋರ್ಡು ಹಾಕಲು ತೀರ್ಮಾನಿಸಿತು.

"ಬಯಲಿನ ಮಧ್ಯಕ್ಕೆ ಬೇಕು. ಎರಡಾಳೆತ್ತರ. ರಸ್ತೆಯಲ್ಲಿ ಹೋಗೋರಿಗೆ ದೂರದಿಂದಲೇ ಕಾಣಬೇಕು" ಎಂದರು ಸಾಹೇಬರು.

ಕಿಡಿಗೆ ಖುಷಿಯೋ ಖುಷಿ. ಅಲ್ಲಿಯವರೆಗೆ ಅವನ ಕೈಕೆಲಸವೆಂದರೆ ಕಿಟಕಿ ಸರಳು, ಗೇಟಿನ ಕೀಲು, ಮುರಿದ ಕುರ್ಚಿಯ ಕಾಲು. ಊರಿಗೆ ಊರೇ ನೋಡುವ ಕೆಲಸ ಇದೇ ಮೊದಲು. ಗಾಳಿಗೆ ಅಲುಗಾಡಬಾರದೆಂದು ಹೇಳಿದ್ದಕ್ಕಿಂತ ದಪ್ಪದ ಪೈಪು ಆರಿಸಿದ. ಟೊಪ್ಪಿಯನ್ನು ಮಾಮೂಲಿಗಿಂತ ಅಗಲ ಮಾಡಿದ. ಅಷ್ಟಕ್ಕೇ ಬಿಡದೆ, ಊಟದ ಹೊತ್ತಿನಲ್ಲಿ ಚೂರುಪಾರು ಕಬ್ಬಿಣ ಬೆಸೆದು ಒಂದು ಹಕ್ಕಿ ಮಾಡಿ ಟೊಪ್ಪಿಯ ಮೇಲೆ ಕೂರಿಸಿದ. ಅದು ಬಾತುಕೋಳಿಯಂತೆ ಕಾಣುತ್ತದೆ ಎಂದು ಮಾವ ಹೇಳಿದ. ಕಿಡಿ ಕಿವಿಗೆ ಹಾಕಿಕೊಳ್ಳಲಿಲ್ಲ. ಕಂಬ ನೆಟ್ಟ ದಿನ, ಕಳ್ಳರು ಬಿಚ್ಚಿಕೊಂಡು ಹೋಗದಿರಲೆಂದು, ಬಾಡಿಗೆ ಜನರೇಟರ್ ತರಿಸಿ ಬುಡದ ನಟ್ಟುಗಳನ್ನೂ ಬೋಲ್ಟಿಗೆ ಬೆಸೆದುಬಿಟ್ಟ. ಇಷ್ಟು ನಿಷ್ಠೆಯಿಂದ ಅವನು ಪರೀಕ್ಷೆಗೆ ಓದಿದ್ದರೆ ವೆಲ್ಡಿಂಗ್ ಅಂಗಡಿಗೆ ಬರುವ ಪ್ರಮೇಯವೇ ಇರುತ್ತಿರಲಿಲ್ಲ.

ಉದ್ಘಾಟನೆಯ ದಿನ ರಿಬ್ಬನ್ನು, ಮೈಕು, ಭಾಷಣ ಎಲ್ಲ ಆಯಿತು. ಕತ್ತರಿಸಿದವರು, ಚಪ್ಪಾಳೆ ತಟ್ಟಿದವರು, ಫೋಟೋಕ್ಕೆ ನಿಂತವರು ಎಲ್ಲರೂ ಸೇರಿ ಹುಲ್ಲನ್ನು ಚೆನ್ನಾಗಿ ತುಳಿದರು. ಮೇಡಂ ಹಿಂದೆ ನಿಂತಿದ್ದರು. ತಮ್ಮದೇ ಅಂಗಡಿಯ ಕಹಿ ಔಷಧಿ ನೀರಿಲ್ಲದೆ ನುಂಗಿದ ಹಾಗಿತ್ತು ಅವರ ಮುಖ.

ಕಿಡಿ ತಡೆಯಲಾರದೆ ಹತ್ತಿರ ಹೋದ. "ಹೇಗಿದೆ ಮೇಡಂ?"

"ವೆಲ್ಡಿಂಗ್ ಚೆನ್ನಾಗಿದೆ."

"ಮೇಲಿನ ಹಕ್ಕಿ ನಾನೇ ಮಾಡಿದ್ದು."

"ಬಾತುಕೋಳಿನಾ?" ಎಂದರು ಮೇಡಂ. ಆಮೇಲೆ ತಣ್ಣಗೆ ಸೇರಿಸಿದರು, "ಕಂಬ ಬೇಡ ಅಂತ ಮೀಟಿಂಗಲ್ಲಿ ಬಾಯಿ ನೋಯೋವರೆಗೂ ಹೇಳಿದೆ. ಯಾಕೆ ಅಂತ ಒಬ್ಬರೂ ಕೇಳಲಿಲ್ಲ. ನಿನಗೆ ಬೇಕಿದ್ರೆ ನಾಳೆ ಬೆಳಿಗ್ಗೆ ಬಾ, ನೋಡುವಂತೆ."

ಬೋರ್ಡನ್ನು ಬೆಳಗಿನ ಬಿಸಿಲಲ್ಲಿ ನೋಡುವ ಆಸೆಯಿಂದ ಅವನು ಹೋದ. ಟೊಪ್ಪಿಯ ಮೇಲೆ, ಕಬ್ಬಿಣದ ಹಕ್ಕಿಗೆ ಭುಜ ತಾಗಿಸಿಕೊಂಡು, ಒಂದು ಕಾಗೆ ಕೂತಿತ್ತು. ಗೃಹಪ್ರವೇಶಕ್ಕೆ ಬಂದ ದೊಡ್ಡಪ್ಪನ ಹಾಗೆ ಆರಾಮಾಗಿ ಅತ್ತಿತ್ತ ನೋಡುತ್ತಿತ್ತು.

ಮೇಡಂ ದುರ್ಬೀನು ಅವನ ಕೈಗೆ ಕೊಟ್ಟರು. "ಕಾಗೆ ಬಿಡು. ಎಡಗಡೆ ಮೇಲೆ ನೋಡು."

ಒಂದು ಸಣ್ಣ ಹಕ್ಕಿ, ಹೊಟ್ಟೆ ಕಪ್ಪಗೆ, ಬೆನ್ನು ಮಣ್ಣಿನ ಬಣ್ಣ, ನೆಟ್ಟಗೆ ಮೇಲಕ್ಕೇರುತ್ತಾ ಹಾಡುತ್ತಿತ್ತು. ಸಿಳ್ಳೆಯನ್ನು ಎಳೆದು ಎಳೆದು ದಾರ ಮಾಡಿದಂಥ ದನಿ. ಮೇಲಿನಿಂದ ಕಲ್ಲಿನಂತೆ ಬೀಳುವುದು, ಇನ್ನೇನು ನೆಲಕ್ಕೆ ಅಪ್ಪಳಿಸಿತು ಎನ್ನುವಾಗ ಮತ್ತೆ ಏರುವುದು. ಡಿಪೋದ ಹಿಂದೆ ಅಷ್ಟು ವರ್ಷ ಕೆಲಸ ಮಾಡಿಯೂ ಕಿಡಿ ಈ ಹಾಡನ್ನು ಕೇಳಿರಲಿಲ್ಲ. ಕೇಳಿದ್ದರೂ ಗ್ರೈಂಡರ್ ಸದ್ದಿನಲ್ಲಿ ಕೇಳಿರಬೇಕು.

"ಅದು ಗಂಡು. ಹೆಣ್ಣು ಬಾಯಲ್ಲಿ ಹುಳ ಹಿಡ್ಕೊಂಡು ಬರ್ತಾ ಇದೆ ನೋಡು. ಗೂಡು ಎಲ್ಲಿದೆ ಅಂತ ನನಗೂ ಸುಲಭಕ್ಕೆ ಕಾಣಲ್ಲ. ಅದಕ್ಕೆ ಇರೋ ಬೇಲಿ, ಬಾಗಿಲು, ಬೀಗ ಎಲ್ಲ ಅಷ್ಟೇ, ಕಾಣದೆ ಇರೋದು."

ಹೆಣ್ಣು ಒಂದು ಹುಲ್ಲಿನ ಗಂಟಿನ ಹಿಂದೆ ಇಳಿಯಿತು. ಟೊಪ್ಪಿಯ ಮೇಲಿನ ಕಾಗೆ ಕತ್ತು ಓರೆ ಮಾಡಿತು. ಹೆಣ್ಣು ಹಾರಿಹೋದದ್ದೇ ತಡ, ಕಾಗೆ ಹುಡುಕಾಡಲಿಲ್ಲ, ಸುತ್ತು ಹಾಕಲಿಲ್ಲ. ವಿಳಾಸ ಕೈಯಲ್ಲಿ ಹಿಡಿದವರಂತೆ ನೇರ ಆ ಗಂಟಿನ ಹಿಂದೆ ಇಳಿಯಿತು. ಕೆಲಸ ಮುಗಿಸಿ ಮತ್ತೆ ಟೊಪ್ಪಿಗೆ ಬಂದು ಕೂತು, ಪಟ್ಟಿಯ ಅಂಚಿಗೆ ಕೊಕ್ಕು ಒರೆಸಿಕೊಂಡಿತು.

ಕಿಡಿ ದುರ್ಬೀನು ಕೆಳಗಿಳಿಸಿದ.

"ಇಷ್ಟು ದಿನ ಕಾಗೆಗೆ ಇಲ್ಲಿ ಕೂರೋಕೆ ಜಾಗ ಇರಲಿಲ್ಲ" ಎಂದರು ಮೇಡಂ. "ಹಾರ್ತಾ ಹಾರ್ತಾ ಹುಡುಕಬೇಕಿತ್ತು, ಸುಸ್ತಾಗಿ ಡಿಪೋ ಕಡೆ ಹೋಗ್ತಿತ್ತು. ಈಗ ಬಯಲಿನ ನಟ್ಟನಡುವೆ ಕುರ್ಚಿ ಸಿಕ್ಕಿದೆ. ಯಾವ ತಾಯಿ ಎಲ್ಲಿ ಇಳೀತಾಳೆ ಅಂತ ಕೂತಲ್ಲೇ ಕಾಣುತ್ತೆ."

ಕಂಬ ತಾನು ಆರಿಸಿದ ಎತ್ತರದ್ದಲ್ಲ, ಅದು ಸಾಹೇಬರ ಆಜ್ಞೆ. ಆದರೆ ಟೊಪ್ಪಿ? ಅಗಲ ಮಾಡಿದವನು ಯಾರು? ಹಾಳು ಕಾಗೆಯ ಕಾಲಿಗೆ ಚುಚ್ಚಬಾರದೆಂದು ಅಂಚನ್ನು ಗ್ರೈಂಡರ್ ಹಿಡಿದು ನಯ ಮಾಡಿದವನು ಯಾರು? ಅವನಿಗೆ ತನ್ನ ಕೈಗಳನ್ನು ಜೇಬಿಗೆ ಹಾಕಿಕೊಳ್ಳಬೇಕು ಅನ್ನಿಸಿತು.

ಅಂದೇ ಪುರಸಭೆಗೆ ಹೋದ. ಸಾಹೇಬರ ಮೇಜಿನ ಗಾಜಿನ ಕೆಳಗೆ ಆಗಲೇ ಉದ್ಘಾಟನೆಯ ಫೋಟೋ ಕೂತಿತ್ತು.

"ಸಾರ್, ಬೋರ್ಡು ತೆಗೀಬೇಕು."

"ಯಾಕಪ್ಪ? ಅಕ್ಷರ ತಪ್ಪಿದೆಯಾ?"

"ಇಲ್ಲ ಸಾರ್. ಅದರ ಮೇಲೆ ಕಾಗೆ ಕೂರ್ತಿದೆ."

ಸಾಹೇಬರು ಪಕ್ಕದ ಮೇಜಿನವರ ಕಡೆ ತಿರುಗಿದರು. "ಕೇಳಿದ್ರಾ? ಕಾಗೆ ಕೂರ್ತಿದೆಯಂತೆ. ನಮ್ಮ ಆಫೀಸಿನ ಮೇಲೂ ಕೂರುತ್ತೆ. ಕೆಡವಿಬಿಡೋಣವಾ?"

ಕೋಣೆಯೆಲ್ಲ ನಕ್ಕಿತು. ಅಭ್ಯಾಸಬಲದಿಂದ ಕಿಡಿಯೂ ನಕ್ಕ. ನಕ್ಕ ಮೇಲೆ, ತಾನೇಕೆ ನಕ್ಕೆ ಎಂದು ತನ್ನ ಮೇಲೆ ಮೊದಲ ಬಾರಿಗೆ ಸಣ್ಣಗೆ ಏನೋ ಉರಿಯಿತು.

"ಅದು ಅಲ್ಲಿ ಕೂತು ನೆಲಗುಬ್ಬಿ ಮರಿಗಳನ್ನ ನೋಡಿ ನೋಡಿ ತಿಂತಿದೆ ಸಾರ್."

"ಕಾಗೆನೂ ಹಕ್ಕೀನೇ ಅಲ್ವೇನಯ್ಯ? ನಾವು ಭೇದ ಮಾಡೋಕಾಗುತ್ತಾ?"

"ಬೋರ್ಡಲ್ಲಿ ನೆಲಗುಬ್ಬಿ ಅಂತ ಬರೆದಿದೆ."

"ಅದನ್ನೇ ನಾನೂ ಹೇಳೋದು. ಬರೆದಿದೆ. ಬೋರ್ಡು ಇದ್ರೆ ಸಂರಕ್ಷಣೆ ಇದೆ ಅಂತ ಅರ್ಥ. ತೆಗೆದ ಮೇಲೆ ಮೇಲಿನವರು ಬಂದು ಸಂರಕ್ಷಣೆ ಎಲ್ಲಿ ಅಂತ ಕೇಳಿದ್ರೆ, ನಿನ್ನ ಮುಖ ತೋರಿಸ್ಲಾ?"

"ಹಕ್ಕಿ ತೋರಿಸಿ ಸಾರ್."

"ಹಕ್ಕಿ ಹೇಳಿದ ಕಡೆ ಕೂರುತ್ತಾ? ಬೋರ್ಡು ಕೂರುತ್ತೆ." ಸಾಹೇಬರು ಫೈಲು ಎಳೆದುಕೊಂಡರು. ಅದು ಮಾತು ಮುಗಿಯಿತು ಎಂಬುದರ ಸೂಚನೆ.

ಮೆಟ್ಟಿಲಿಳಿಯುವಾಗ ಕಿಡಿಗೆ ಹೊಳೆದದ್ದು ಇಷ್ಟು: ಇಡೀ ಆಫೀಸಿನಲ್ಲಿ ಒಬ್ಬರೂ, ಎಷ್ಟು ಮರಿ ಉಳಿದಿವೆ ಎಂದು ಕೇಳಲಿಲ್ಲ. ಬಯಲು ಹಕ್ಕಿಗೆ, ಬೋರ್ಡು ಹಕ್ಕಿಗೆ, ಭಾಷಣ ಹಕ್ಕಿಗೆ. ಹಕ್ಕಿಯ ವಿಷಯ ಮಾತ್ರ ಯಾರಿಗೂ ಬೇಡ.

ಆದರೂ ಹಳೆಯ ಸ್ವಭಾವ ಅಷ್ಟು ಬೇಗ ಬಿಡುತ್ತದೆಯೇ? ಜಗಳವಿಲ್ಲದೆ ಮುಗಿಸುವ ದಾರಿ ಹುಡುಕಿದ. ಟೊಪ್ಪಿಯ ಮೇಲೆ ಮೊಳೆಗಳನ್ನು ನಿಲ್ಲಿಸಿಬಿಟ್ಟರೆ ಕಾಗೆ ಕೂರುವುದಾದರೂ ಹೇಗೆ? ಮೊಳೆ ಬೆಸೆದ ತಗಡಿನ ಪಟ್ಟಿಯೊಂದನ್ನು ಅಂಗಡಿಯಲ್ಲೇ ಮಾಡಿ, ಏಣಿ ಹೊತ್ತು ಹೋಗಿ, ತಂತಿಯಿಂದ ಕಟ್ಟಿ ಬಂದ. ಮಾರನೆಯ ಬೆಳಿಗ್ಗೆ ಕಾಗೆ ಮೊಳೆಗಳ ನಡುವೆಯೇ ಕೂತಿತ್ತು. ಮುಂಚೆ ಬೆಂಚಿನಲ್ಲಿ ಕೂತಂತಿತ್ತು, ಈಗ ಎರಡೂ ಕಡೆ ಕೈಯಿರುವ ಸಿಂಹಾಸನದಲ್ಲಿ ಕೂತಂತಿತ್ತು. ಗಾಳಿ ಬೀಸಿದರೂ ಅಲುಗದಂತೆ ಒಂದು ಮೊಳೆಗೆ ಕಾಲು ಆನಿಸಿಕೊಂಡಿತ್ತು.

"ಅಳಿಯಂದಿರು ಕಾಗೆಗೆ ಕುರ್ಚಿ ಮಾಡಿಕೊಟ್ಟಿದ್ದಾರೆ. ಇನ್ನೊಂದು ಸ್ವಲ್ಪ ದಿನ ಬಿಟ್ಟು ಮಂಚ ಮಾಡಿಕೊಡ್ತಾರೆ" ಎಂದು ಮಾವ ಪಂಕ್ಚರ್ ಅಂಗಡಿಯವನಿಗೆ ಕೂಗಿ ಹೇಳಿದ.

ಆ ದಿನ ಮಧ್ಯಾಹ್ನ ಮೇಡಂ ತಾವೇ ವೆಲ್ಡಿಂಗ್ ಅಂಗಡಿಯ ಮುಂದೆ ಬಂದು ನಿಂತರು. ಒಳಗೆ ಬರಲಿಲ್ಲ.

"ಒಂದೇ ಗೂಡು ಉಳಿದಿದೆ" ಎಂದರು. "ಕಂಬದಿಂದ ರಸ್ತೆ ಕಡೆಗೆ, ಬಿಳಿ ಕಲ್ಲಿನ ಪಕ್ಕ. ಮೂರು ಮರಿ, ಇನ್ನೂ ಪುಕ್ಕ ಬಂದಿಲ್ಲ. ಅಮ್ಮ ಬುದ್ಧಿವಂತೆ, ಕಾಗೆ ಇರೋವರೆಗೂ ಇಳಿಯಲ್ಲ. ಹುಳ ಬಾಯಲ್ಲಿಟ್ಕೊಂಡು ಮೇಲೇ ಸುತ್ತಾ ಇದೆ. ಇಳಿದ್ರೆ ಕಾಗೆಗೆ, ಇಳೀದಿದ್ರೆ ಹಸಿವಿಗೆ."

"ನೀವು ಕಾಗೆ ಓಡಿಸಿದ್ರೆ?"

"ಬೆಳಗಿಂದ ಅದನ್ನೇ ಮಾಡಿದೆ. ನಾನಿದ್ರೆ ಅಮ್ಮನೂ ಇಳಿಯಲ್ಲ." ಅವರ ದನಿಯಲ್ಲಿ ಬೈಗುಳವಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಅವರು ಹೋದ ಮೇಲೆ ಕಿಡಿ ಕಬ್ಬಿಣ ಕೊಯ್ಯುವ ಗರಗಸ, ಒಂದು ಕಟ್ಟು ಬ್ಲೇಡು, ಸುತ್ತಿಗೆ ಚೀಲಕ್ಕೆ ತುಂಬತೊಡಗಿದ.

"ಎಲ್ಲಿಗೆ?" ಎಂದ ಮಾವ.

"ಬೋರ್ಡು ಕೊಯ್ಯೋಕೆ."

ಮಾವ ಕಣ್ಣಿನ ಗಾಜು ಹಣೆಗೇರಿಸಿದ. "ತಲೆ ಕೆಟ್ಟಿದೆಯಾ? ಪುರಸಭೆ ನಮ್ಮ ದೊಡ್ಡ ಗಿರಾಕಿ. ಅವರ ಬೋರ್ಡು ಕೊಯ್ದ್ರೆ, ನಮ್ಮ ಅಂಗಡಿ ಬೋರ್ಡು ಅವರೇ ಇಳಿಸ್ತಾರೆ. ಗುಬ್ಬಿಗೋಸ್ಕರ?"

"ಗುಬ್ಬಿಗೋಸ್ಕರ ಅಂತ ಅವರೇ ಬರೆಸಿದಾರೆ ಮಾವ. ಕಾಗೆ ಮರಿ ತಿನ್ನೋದನ್ನ ನಾನೇ ಕಣ್ಣಾರೆ ನೋಡಿದೀನಿ. ಬರೆಸಿದ್ದು ಸುಳ್ಳಾದ್ರೆ ನಾವ್ಯಾಕೆ ಅದಕ್ಕೆ ಟೊಪ್ಪಿ ಇಡಬೇಕು?" ತನ್ನ ದನಿ ಇಷ್ಟು ಜೋರಿದೆ ಎಂದು ಕಿಡಿಗೇ ಗೊತ್ತಿರಲಿಲ್ಲ. ಹಳೇ ಪೇಪರ್ ಅಂಗಡಿಯವನು ತಕ್ಕಡಿ ಬಿಟ್ಟು ಇಣುಕಿದ. "ಮರಿ ತಿನ್ನಿಸೋದೇ ಸಂರಕ್ಷಣೆ ಅಂದ್ರೆ, ಕಾಗೆಗೆ ಸಂಬಳ ಕೊಟ್ಟು ಆಫೀಸಲ್ಲೇ ಇಟ್ಕೊಳ್ಳಲಿ."

ಅಂದು ಬಾಗಿಲು ದಾಟಿದ ಮೇಲೆ ನೋಡಿಕೊಂಡರೆ ಚಪ್ಪಲಿ ಅದಲುಬದಲಾಗಿತ್ತು. ಸಿಟ್ಟು ಬರುವವರಿಗೆಲ್ಲ ಹೀಗೇ ಆಗುತ್ತದೆಯೋ, ಅಥವಾ ಹೊಸಬರಿಗೆ ಮಾತ್ರವೋ ಎಂದು ಯೋಚಿಸುತ್ತಾ ರಸ್ತೆ ದಾಟಿದ.

ಬಯಲಿನಲ್ಲಿ ಕರೆಂಟಿಲ್ಲ, ಗ್ರೈಂಡರ್ ತಂದರೂ ಪ್ರಯೋಜನವಿಲ್ಲ. ಬುಡದ ನಟ್ಟು ಬಿಚ್ಚೋಣವೆಂದರೆ ಅವು ಬೆಸೆದುಕೊಂಡು ಕೂತಿವೆ. ಕಳ್ಳರಿಗೆಂದು ಮಾಡಿದ ಏರ್ಪಾಟು ಮೊದಲು ಸಿಕ್ಕಿದ ಕಳ್ಳನ ಮೇಲೆ ಸೊಗಸಾಗಿ ಕೆಲಸ ಮಾಡಿತು. ಇನ್ನು ಪೈಪೇ ಗತಿ. ಮೋಟು ಉಳಿದರೆ ಅದರ ಮೇಲೂ ಕಾಗೆ ಕೂರುತ್ತದೆಂದು, ನೆಲಕ್ಕೆ ಹತ್ತಿದಂತೆ ಮಂಡಿಯೂರಿ ಕೊಯ್ಯತೊಡಗಿದ. ಹೇಳಿದ್ದಕ್ಕಿಂತ ದಪ್ಪದ ಪೈಪು. ಬ್ಲೇಡು ಒಂದೊಂದಾಗಿ ಮುರಿದವು. ಯಾವನು ಇಂಥ ಪೈಪು ಹಾಕಿದ್ದು ಎಂದು ಬೈಯಲು ಬಾಯಿ ತೆರೆದು, ಮುಚ್ಚಿಕೊಂಡ. ಮೇಲೆ ಕಾಗೆ ಹಾರಿಹೋಗಿ ಡಿಪೋದ ತಗಡಿನ ಮೇಲೆ ಕೂತು ಕಾಯುತ್ತಿತ್ತು. ಇನ್ನೂ ಮೇಲೆ, ಬಾಯಲ್ಲಿ ಹುಳ ಹಿಡಿದ ಸಣ್ಣ ಹಕ್ಕಿ ಸುತ್ತುತ್ತಲೇ ಇತ್ತು.

ಅರ್ಧಕ್ಕಿಂತ ಹೆಚ್ಚು ಕೊಯ್ದಿರಬೇಕು. ಹಿಂದಿನಿಂದ ಮಾವನ ದನಿ ಬಂತು.

"ನಿಲ್ಸು."

ಕಿಡಿ ತಿರುಗಲಿಲ್ಲ. "ಬೈಯೋದಿದ್ರೆ ಆಮೇಲೆ ಬೈಯಿ ಮಾವ."

"ಗೂಡು ಎಲ್ಲಿದೆ ಅಂದ್ರು ಅವರು?"

"ರಸ್ತೆ ಕಡೆ. ಬಿಳಿ ಕಲ್ಲಿನ ಪಕ್ಕ."

"ನೀನು ಕೊಯ್ತಿರೋದು ಯಾವ ಕಡೆಯಿಂದ?"

ಕಿಡಿಯ ಕೈ ನಿಂತಿತು. ಅವನು ರಸ್ತೆಯ ಕಡೆಯಿಂದಲೇ ಕೊಯ್ಯುತ್ತಿದ್ದ. ಕಂಬ ಕೊಯ್ದ ಬಾಯಿಯ ಕಡೆಗೇ ವಾಲುತ್ತದೆಂಬುದು ಈ ಕೆಲಸದ ಮೊದಲ ಪಾಠ. ಇನ್ನು ಸ್ವಲ್ಪ ಎಳೆದಿದ್ದರೆ ಎರಡಾಳೆತ್ತರದ ಪೈಪು, ಬೋರ್ಡು, ಟೊಪ್ಪಿ, ಮೊಳೆ, ಬಾತುಕೋಳಿ ಎಲ್ಲ ಸೇರಿ ಉಳಿದ ಒಂದೇ ಗೂಡಿನ ಮೇಲೆ ಮಲಗುತ್ತಿದ್ದವು. ಕಾಗೆ ಒಂದೊಂದಾಗಿ ಮಾಡಿದ್ದನ್ನು ಅವನು ಒಂದೇ ಏಟಿಗೆ ಮುಗಿಸಿಬಿಡುತ್ತಿದ್ದ. ಕಂಬ ಆಗಲೇ ಗಾಳಿಗೆ ಸಣ್ಣಗೆ ನರಳುತ್ತಿತ್ತು.

"ಸಿಟ್ಟು ಬಂದಾಗ ಕೊಯ್ಯೋ ಕೆಲಸ ಮಾಡಬಾರದು ಅಂತ ಹೇಳಿಕೊಟ್ಟಿಲ್ವಾ ನಾನು?"

"ನನಗೆ ಸಿಟ್ಟು ಬಂದಿದ್ದೇ ಇದೇ ಮೊದಲು ಮಾವ. ಯಾವಾಗ ಹೇಳಿಕೊಡ್ತೀಯ?"

ಮಾವ ತಾನು ತಂದಿದ್ದ ಹಗ್ಗ ಬಿಡಿಸಿದ. ಹಗ್ಗ ತಂದೇ ಬಂದಿದ್ದ ಎಂಬುದನ್ನು ಕಿಡಿ ಆಗ ಗಮನಿಸಿದ. ಮಾವ ಕುಣಿಕೆ ಎಸೆದು ಟೊಪ್ಪಿಯ ಒಂದು ಮೊಳೆಗೆ ಸಿಕ್ಕಿಸಿ, ಗೂಡಿಗೆ ದೂರವಾದ ಕಡೆಗೆ ಹೋಗಿ, ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಹಿಂದಕ್ಕೆ ವಾಲಿ ನಿಂತ. "ಈಗ ಈ ಕಡೆಯಿಂದ ಕೊಯ್ಯಿ. ನಿಧಾನ. ಗುಬ್ಬಿಗೋಸ್ಕರ ಬಂದೆ ಅಂತ ತಿಳ್ಕೋಬೇಡ. ಓರೆ ಕೊಯ್ತ ನನಗೆ ನೋಡೋಕಾಗಲ್ಲ."

ಮೇಡಂ ಅಂಗಡಿಗೆ ಬೀಗ ಹಾಕಿ ಬಂದು ಬಿಳಿ ಕಲ್ಲಿನ ಈಚೆ ನಿಂತರು, ಕಂಬವನ್ನು ತಾವೇ ಹಿಡಿದುಬಿಡುವವರಂತೆ ಕೈ ಚಾಚಿಕೊಂಡು. ಕಂಬ ಒಮ್ಮೆ ಅವರ ಕಡೆ ಬಾಗಿತು. ಮಾವ ಹಿಮ್ಮಡಿಯೂರಿ ಎಳೆದ. ಮತ್ತೆ ಈ ಕಡೆ ಬಂತು. ಕೊನೆಗೆ ದೊಡ್ಡ ನಿಟ್ಟುಸಿರು ಬಿಟ್ಟು ಗೂಡಿಗೆ ಬೆನ್ನು ಮಾಡಿ ಮಲಗಿತು.

ಮೂವರೂ ರಸ್ತೆಗೆ ಬಂದು ನಿಂತು ನೋಡಿದರು. ಕಾಗೆ ಬಂತು, ಬಯಲಿನ ಮೇಲೆ ಸುತ್ತು ಹಾಕಿತು, ಕೂರಲು ಜಾಗ ಹುಡುಕಿತು, ಕಾಣದೆ ಕೂಗುತ್ತಾ ಡಿಪೋ ದಾಟಿ ಹೋಯಿತು. ಆಮೇಲೆ ಬಹಳ ಹೊತ್ತಿನ ಮೇಲೆ ಸಣ್ಣ ಹಕ್ಕಿ ಬಿಳಿ ಕಲ್ಲಿನ ಪಕ್ಕ ಇಳಿಯಿತು. ಮಾವ ಮೂಗು ಒರೆಸಿಕೊಂಡು, "ಧೂಳು" ಎಂದ. ಬಯಲಿನಲ್ಲಿ ಧೂಳಿರಲಿಲ್ಲ.

ಎಂಜಿನಿಯರ್ ಸಾಹೇಬರು ಜೀಪಿನಲ್ಲಿ ಬಂದು ಸರ್ಕಾರಿ ಆಸ್ತಿ, ಪೊಲೀಸು, ಜೈಲು ಎಂದೆಲ್ಲ ಹೇಳಿದರು. ಮಾವ ಕೈಕಟ್ಟಿ ಕೇಳಿಸಿಕೊಂಡು, "ರಿಪೇರಿಗೆ ತಂದಿದೀವಿ ಸಾರ್. ಕಂಬ ಸೊಟ್ಟಗಾಗಿತ್ತು. ಯಾರ ತಲೆ ಮೇಲಾದ್ರೂ ಬಿದ್ರೆ ನಿಮ್ಮ ಹೆಸರು ಬರುತ್ತೆ ಅಂತ" ಎಂದ. ತನ್ನ ಹೆಸರು ಎಂದೊಡನೆ ಸಾಹೇಬರು ತಣ್ಣಗಾದರು. ಯಾವಾಗ ಕೊಡುತ್ತೀರಿ ಎಂದರು. ಬಣ್ಣ ಒಣಗಬೇಕು ಎಂದ ಮಾವ. ಮರಿಗಳಿಗೆ ರೆಕ್ಕೆ ಬರುವವರೆಗೂ ಆ ಬಣ್ಣ ಒಣಗಲಿಲ್ಲ. ಒಂದು ಮರಿ ಹಸಿವಿಗೇ ಹೋಯಿತು ಎಂದು ಮೇಡಂ ಹೇಳಿದರು. ಎರಡು ಉಳಿದು, ಅಮ್ಮನ ಹಿಂದೆ ಹುಲ್ಲಿನಲ್ಲಿ ಓಡಾಡಿದವು. ಆ ಹೋದ ಒಂದನ್ನು ಕಿಡಿ ತನ್ನ ಖಾತೆಗೆ ಹಾಕಿಕೊಂಡ. ಸಾಹೇಬರ ಖಾತೆಯಲ್ಲಿ ಜಾಗವಿರಲಿಲ್ಲ, ಅದರ ತುಂಬ ಫೋಟೋ ಇತ್ತು.

ಬೋರ್ಡನ್ನು ಮತ್ತೆ ಬಯಲಿಗೆ ಹಾಕಲು ಕಿಡಿ ಖಡಾಖಂಡಿತವಾಗಿ ಒಪ್ಪಲಿಲ್ಲ. ಅಂಗಡಿಸಾಲಿನ ಪಕ್ಕದಲ್ಲೇ ಡಿಪೋದ ಕಾಂಪೌಂಡ್ ಗೋಡೆ ರಸ್ತೆಗೇ ಮುಖ ಮಾಡಿದೆ, ಅಲ್ಲಿ ಬೋಲ್ಟು ಹೊಡೆದರೆ ಎಲ್ಲರಿಗೂ ಕಾಣುತ್ತದೆ ಎಂದ. ಹಾಗೆ ಮಾಡಿದರೆ ಇನ್ನೊಂದು ಉದ್ಘಾಟನೆ ಮಾಡಬಹುದು ಎಂದು ಮಾವ ಸೇರಿಸಿದ. ಅದು ಸಾಹೇಬರಿಗೆ ನಾಟಿತು.

ಎರಡನೇ ಉದ್ಘಾಟನೆಗೆ ಅದೇ ರಿಬ್ಬನ್ನು, ಅದೇ ಮೈಕು. ಮೈಕಿಗೆ ಕರೆಂಟು ವೆಲ್ಡಿಂಗ್ ಅಂಗಡಿಯಿಂದ ಎಳೆದಿತ್ತು. ಟೊಪ್ಪಿಯಿಲ್ಲದ ಬೋರ್ಡಿನ ಕೆಳಗೆ ನಿಂತು ಸಾಹೇಬರು, ಎತ್ತರದ ಕಂಬಗಳು ಇಂಥ ಹಕ್ಕಿಗೆ ಅಪಾಯವೆಂಬುದನ್ನು ತಮ್ಮ ಇಲಾಖೆಯೇ ಆಳವಾಗಿ ಯೋಚಿಸಿ ಕಂಡುಕೊಂಡಿತೆಂದು ವಿವರಿಸಿದರು. ಜನ ಚಪ್ಪಾಳೆ ತಟ್ಟಿದರು. ಹಿಂದೆ ನಿಂತಿದ್ದ ಮೇಡಂ ಚಪ್ಪಾಳೆ ತಟ್ಟಲಿಲ್ಲ. ಅವರು ಜನಕ್ಕೆ ಬೆನ್ನು ಮಾಡಿ ರಸ್ತೆಯ ಆಚೆಗೆ ನೋಡುತ್ತಿದ್ದರು. ಅಲ್ಲಿ ಬಯಲಿನ ಮೇಲೆ ಒಂದು ಸಣ್ಣ ಚುಕ್ಕೆ ಏರುತ್ತಿತ್ತು, ಬೀಳುತ್ತಿತ್ತು, ಮತ್ತೆ ಏರುತ್ತಿತ್ತು. ಹಾಡುತ್ತಲೂ ಇದ್ದಿರಬೇಕು. ಅದರದೇ ಗುಣಗಾನ ಮಾಡುತ್ತಿದ್ದ ಮೈಕು ಅದನ್ನು ಕೇಳಗೊಡುತ್ತಿರಲಿಲ್ಲ. ನೂರಾರು ಮುಖಗಳಲ್ಲಿ ಒಂದೂ ಆ ಕಡೆ ತಿರುಗಿರಲಿಲ್ಲ.

ಕಿಡಿ ಅಂಗಡಿಯೊಳಗೆ ಹೋದ. ಗೋಡೆಯ ಪ್ಲಗ್ಗಿನಿಂದ ವೈರು ಕಿತ್ತು ಕೈಯಲ್ಲಿ ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತ.

ಸಾಹೇಬರು ಮೈಕಿಗೆ ಬೆರಳಿನಿಂದ ಬಡಿದರು. ಊದಿದರು. ಬರಿಬಾಯಿಯಲ್ಲಿ ಎರಡು ಮಾತು ಆಡಿ ನೋಡಿ ಸುಮ್ಮನಾದರು. ಆ ಮೌನದೊಳಕ್ಕೆ, ಸಿಳ್ಳೆಯನ್ನು ಎಳೆದು ದಾರ ಮಾಡಿದಂಥ ಹಾಡು ರಸ್ತೆ ದಾಟಿ ಬಂತು. ಮುಂದಿನ ಸಾಲಿನಲ್ಲಿ ಯಾರೋ ಕತ್ತೆತ್ತಿದರು. ಅವರ ಪಕ್ಕದವರೂ ಎತ್ತಿದರು.

"ಏನಯ್ಯ, ಕರೆಂಟು ಹೋಯ್ತಾ?" ಎಂದು ಸಾಹೇಬರು ಅಂಗಡಿಯ ಕಡೆ ಕೂಗಿದರು.

"ಹೂಂ ಸಾರ್" ಎಂದ ಕಿಡಿ, ವೈರನ್ನು ಬೆನ್ನ ಹಿಂದೆ ಸುತ್ತಿಕೊಳ್ಳುತ್ತಾ. "ಬರೋದು ಸ್ವಲ್ಪ ಹೊತ್ತಾಗುತ್ತೆ."